ಆಲೂಗಡ್ಡೆ ನಾಟಿ: ಟ್ರ್ಯಾಕ್ಟರಿನ ಹಿಂದಿನ ಗಾಲಿಗಳ ಅಂತರವನ್ನು ಕಡಿಮೆ ಮಾಡಬೇಕೇ?

ಪ್ರಶ್ನೆ (ಅರಕಲಗೂಡು ಕಡೆಯ ಬೆಳೆಗಾರ)

ಎಲ್ಲರಿಗೂ ನಮಸ್ಕಾರ. ಅರಕಲಗೂಡು ತಾಲ್ಲೂಕಿನಲ್ಲಿ ನಮಗೆ ಐದು ಎಕರೆ ಕೆಂಪು ಮಣ್ಣಿನ ಹೊಲವಿದ್ದು, ಮುಂಗಾರಿನಲ್ಲಿ ಮೂರು ಎಕರೆಗೆ ಆಲೂಗಡ್ಡೆಯನ್ನೂ ಉಳಿದ ಎರಡು ಎಕರೆಗೆ ಮುಸುಕಿನ ಜೋಳವನ್ನೂ ಹಾಕುತ್ತೇವೆ. ಮೊದಲೆಲ್ಲ ಎತ್ತಿನ ನೇಗಿಲಿನಲ್ಲಿ ಸಾಲು ಹೊಡೆದು, ಹೆಣ್ಣಾಳುಗಳು ಗೇಣಿಗೊಂದರಂತೆ ಗಡ್ಡೆ ಇಡುತ್ತಾ ಹೋದರೆ, ಹಿಂದೆಯೇ ಇನ್ನೊಂದು ಜೊತೆ ಎತ್ತು ಮಣ್ಣು ಮುಚ್ಚಿಕೊಂಡು ಬರುತ್ತಿತ್ತು. ಈಗ ಎತ್ತೂ ಇಲ್ಲ, ಬಿತ್ತನೆಯ ವಾರದಲ್ಲಿ ಆಳುಗಳೂ ಸಿಗುವುದಿಲ್ಲ. ಆದ್ದರಿಂದ ಕಳೆದ ಮುಂಗಾರಿನಲ್ಲಿ ನಮ್ಮ 45 ಎಚ್‌ಪಿ ಟ್ರ್ಯಾಕ್ಟರಿಗೆ ಎರಡು ಸಾಲಿನ ಆಲೂಗಡ್ಡೆ ಬಿತ್ತುವ ಯಂತ್ರವನ್ನು ಕಟ್ಟಿ, ಸಾಲಿನಿಂದ ಸಾಲಿಗೆ 60 ಸೆಂ.ಮೀ., ಗಡ್ಡೆಯಿಂದ ಗಡ್ಡೆಗೆ 20 ಸೆಂ.ಮೀ. ಇಟ್ಟು ನಾಟಿ ಮಾಡಿದೆವು.

ಯಂತ್ರ ತನ್ನ ಎರಡು ದಿಂಡುಗಳನ್ನು ಚೆನ್ನಾಗಿಯೇ ಕಟ್ಟುತ್ತದೆ. ತೊಂದರೆ ಬರುವುದು ಪಕ್ಕದ ಸುತ್ತಿಗೆ ತಿರುಗಿ ಬಂದಾಗ. ಹಿಂದಿನ ಗಾಲಿಯು ಆಗ ತಾನೇ ಕಟ್ಟಿದ ದಿಂಡಿನ ಪಕ್ಕವನ್ನು ಉದ್ದಕ್ಕೂ ಕುಸಿಸಿಕೊಂಡು ಹೋಗುತ್ತದೆ. ರೋಹಿಣಿ ಮಳೆ ಬಿದ್ದ ಮೇಲೆ ಅದೇ ದಿಂಡುಗಳ ಮಣ್ಣು ಇನ್ನಷ್ಟು ಜಾರಿತು. ಮುಂದೆ ಗಡ್ಡೆ ಕಟ್ಟುವ ಕಾಲಕ್ಕೆ ಮೇಲೆ ಕಾಣಿಸಿಕೊಂಡ ಗಡ್ಡೆಗಳು ಬಿಸಿಲಿಗೆ ಹಸಿರಾದವು. ಮಂಡಿಯಲ್ಲಿ ಅಂಥದ್ದನ್ನು ಆರಿಸಿ ಬದಿಗೆ ಹಾಕಿದರು. ಮಣ್ಣು ಏರಿಸಲು ಟ್ರ್ಯಾಕ್ಟರನ್ನೇ ಇಳಿಸಿದಾಗಲೂ ಪ್ರತಿ ಎರಡನೆಯ ಅಂತರದಲ್ಲಿ ಒಂದು ಪಕ್ಕದ ಗಿಡಗಳು ಟೈರಿಗೆ ಸಿಕ್ಕಿ ಮುರಿದವು.

ನಮ್ಮ ಹಿಂದಿನ ಟೈರು 13.6-28 ಅಳತೆಯದು. ಗಾಲಿಗಳ ಮಧ್ಯದಿಂದ ಮಧ್ಯಕ್ಕೆ 142 ಸೆಂ.ಮೀ., ಅಂದರೆ 56 ಇಂಚು ಇದೆ. ಅದನ್ನು 120ಕ್ಕೆ ತರಬೇಕೆಂದು ನೆರೆಯವರೊಬ್ಬರು ಹೇಳುತ್ತಾರೆ. ಟ್ರ್ಯಾಕ್ಟರ್ ಕೊಂಡಾಗ ಬಂದ ಅಂತರವನ್ನು ಮುಟ್ಟಲೇಬಾರದೆಂದು ಇನ್ನೊಬ್ಬರು ಹೇಳುತ್ತಾರೆ. ಇದೇ ಟ್ರ್ಯಾಕ್ಟರಿನಲ್ಲಿ ಗೊಬ್ಬರ, ಗಡ್ಡೆ ತುಂಬಿದ ಟ್ರೈಲರನ್ನೂ ಎಳೆಯಬೇಕು. ಹೊಲ ಒಂದು ಕಡೆಗೆ ಇಳಿಜಾರಾಗಿದೆ. ಅಂತರ ಎಷ್ಟಿರಬೇಕು, ಅದನ್ನು ಬದಲಾಯಿಸುವ ಕ್ರಮ ಯಾವುದು, ಜೋಳಕ್ಕೂ ಅದೇ ಹೊಂದುತ್ತದೆಯೇ ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಕಡೂರಿನ ಜೋಳದ ಬೆಳೆಗಾರ)

ತಾವು ಟೈರಿನ ಅಳತೆಯನ್ನೂ ಗಾಲಿಗಳ ಅಂತರವನ್ನೂ ಸರಿಯಾಗಿ ಬರೆದಿರುವುದರಿಂದ ಉತ್ತರ ಹೇಳುವುದು ಸುಲಭವಾಯಿತು. ಇಂಥ ಪ್ರಶ್ನೆ ಕೇಳುವ ಹೆಚ್ಚಿನವರು ಎಚ್‌ಪಿಯನ್ನಷ್ಟೇ ಹೇಳುತ್ತಾರೆ. ಈ ಲೆಕ್ಕಕ್ಕೆ ಅದರಿಂದ ಯಾವ ಉಪಯೋಗವೂ ಇಲ್ಲ.

ಎರಡು ಗಾಲಿಗಳ ನಡುವೆ ಎಷ್ಟು ಸಾಲುಗಳು ಬರಬೇಕೋ ಆ ಸಂಖ್ಯೆಯನ್ನು ಸಾಲಿನ ಅಂತರದಿಂದ ಗುಣಿಸಿದರೆ ಗಾಲಿಗಳ ಮಧ್ಯದಿಂದ ಮಧ್ಯಕ್ಕೆ ಇರಬೇಕಾದ ಅಂತರ ಸಿಗುತ್ತದೆ. 60 ಸೆಂ.ಮೀ. ಸಾಲಿನಲ್ಲಿ ಎರಡು ಸಾಲು ನಡುವೆ ಬರುವುದಾದರೆ 120, ಮೂರು ಬರುವುದಾದರೆ 180, 75 ಸೆಂ.ಮೀ. ಸಾಲಾದರೆ ಎರಡಕ್ಕೆ 150; ನಿಮ್ಮ ಕಡೆಯ ಹೊಗೆಸೊಪ್ಪಿನಂತೆ 90 ಸೆಂ.ಮೀ. ಇಟ್ಟರೆ ಎರಡಕ್ಕೆ 180. ಹೀಗಿದ್ದಾಗ ಗಾಲಿ ಯಾವಾಗಲೂ ಎರಡು ಸಾಲುಗಳ ನಟ್ಟನಡುವೆ ಓಡುತ್ತದೆ. ಅಳೆಯುವಾಗ ಟೈರಿನ ಮಧ್ಯವನ್ನು ಕಣ್ಣಂದಾಜಿನಲ್ಲಿ ಹುಡುಕಬೇಕಾಗಿಲ್ಲ. ಎಡಗಡೆಯ ಟೈರಿನ ಹೊರ ಅಂಚಿನಿಂದ ಬಲಗಡೆಯ ಟೈರಿನ ಒಳ ಅಂಚಿನವರೆಗೆ ಟೇಪು ಹಿಡಿದರೆ ಬರುವುದೂ ಅದೇ ಅಳತೆ.

ನಿಮ್ಮ ನೆರೆಯವರು ಹೇಳುವ 120ರ ಲೆಕ್ಕ ಇಲ್ಲಿಂದ ಬಂದದ್ದು. ಆದರೆ ಅದರಲ್ಲಿ ಟೈರಿನ ಅಗಲ ಸೇರಿಲ್ಲ. 13.6 ಎಂದರೆ ಟೈರಿನ ಅಗಲ ಇಂಚಿನಲ್ಲಿ, ಸುಮಾರು 34.5 ಸೆಂ.ಮೀ. ಆಯಿತು. ಟ್ರ್ಯಾಕ್ಟರಿನ ನಡುಗೆರೆಯಿಂದ ನೋಡಿದರೆ ನಿಮ್ಮ ಎರಡು ಸಾಲುಗಳು ಆಚೆ ಈಚೆ 30 ಸೆಂ.ಮೀ.ನಲ್ಲಿವೆ, ಪಕ್ಕದ ಸುತ್ತಿನ ಸಾಲು 90ರಲ್ಲಿದೆ. ಗಾಲಿಯ ಮಧ್ಯ 71ರಲ್ಲಿರುವಾಗ ಟೈರಿನ ಹೊರ ಅಂಚು 88.25ಕ್ಕೆ ಬರುತ್ತದೆ. ಅಂದರೆ ಗಡ್ಡೆ ಇರುವ ಗೆರೆಗೂ ಟೈರಿಗೂ ನಡುವೆ ಎರಡು ಸೆಂ.ಮೀ. ಕೂಡ ಇಲ್ಲ. ದಿಂಡು ಕುಸಿಯುವುದರಲ್ಲಿ ಆಶ್ಚರ್ಯವೇನಿದೆ! ಅಂತರವನ್ನು ಒಂದು ಹಂತ ಇಳಿಸಿ 132ಕ್ಕೆ ತಂದರೆ ಆ ಜಾಗ 6.75 ಸೆಂ.ಮೀ. ಆಗುತ್ತದೆ, 122ಕ್ಕೆ ತಂದರೆ 11.75. ದಿಂಡಿನ ಬುಡ ಸಾಲಿನ ಗೆರೆಯಿಂದ ಎರಡೂ ಕಡೆ ಒಂದು ಗೇಣಿನಷ್ಟು ಹರಡಿಕೊಂಡಿರುವಾಗ ಹನ್ನೆರಡು ಸೆಂ.ಮೀ. ಸಾಕಾಗುವುದಿಲ್ಲ. ಹಾಗಾಗಿ 122ಕ್ಕೆ ಇಳಿಸಿದರೆ ಹಾನಿ ಒಂದೇ ಕಡೆ ಜೋರಾಗಿ ಆಗುವ ಬದಲು ಎರಡೂ ಕಡೆಗೆ ಸ್ವಲ್ಪ ಸ್ವಲ್ಪ ಹಂಚಿಹೋಗುತ್ತದೆ ಎಂಬುದಷ್ಟೇ ನನ್ನ ಅಭಿಪ್ರಾಯ. 60 ಸೆಂ.ಮೀ. ಸಾಲಿನ ಅಂತರದಲ್ಲಿ ಸಲೀಸಾಗಿ ಓಡಬೇಕಾದರೆ ಟೈರು ಇನ್ನೂ ಕಿರಿದಾಗಿರಬೇಕು. ಸಣ್ಣ ಟ್ರ್ಯಾಕ್ಟರುಗಳ 8.3 ಅಥವಾ 9.5 ಇಂಚಿನ ಟೈರಿಗೆ ಅದು ಸಾಧ್ಯ.

ಒಂದು ಮಾತು ವಿಷಯಾಂತರವಾದರೂ ಹೇಳುತ್ತೇನೆ. ಅಮೆರಿಕದಲ್ಲಿ ಬಹುಕಾಲ ಜೋಳದ ಸಾಲುಗಳ ನಡುವೆ 40 ಇಂಚಿಗೂ ಮೇಲ್ಪಟ್ಟು ಅಂತರ ಇರುತ್ತಿತ್ತು. ಸಾಲಿನ ನಡುವೆ ಕುದುರೆ ನಡೆಯಬೇಕಾಗಿದ್ದದ್ದೇ ಅದಕ್ಕೆ ಕಾರಣ. 1924ರಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ ಸಾಲು ಬೆಳೆಗೆಂದೇ ಫಾರ್ಮಾಲ್ ಟ್ರ್ಯಾಕ್ಟರನ್ನು ತಂದಾಗ, ಅದು ಆ ಸಾಲುಗಳ ಮೇಲೆಯೇ ಓಡಬೇಕಾಗಿತ್ತು. ನಮ್ಮ 60 ಸೆಂ.ಮೀ. ಎತ್ತು ಮತ್ತು ನೇಗಿಲಿನ ಕಾಲದಿಂದ ಬಂದದ್ದು; ಅದರ ಮೇಲೆ ಯಾವ ಟೈರು ಓಡಬೇಕೆಂದು ಆಗ ಯಾರೂ ಯೋಚಿಸಬೇಕಾಗಿರಲಿಲ್ಲ. ಆದ್ದರಿಂದ ಗಾಲಿಯನ್ನು ಸಾಲಿಗೆ ತರಬೇಕೋ ಸಾಲನ್ನು ಗಾಲಿಗೆ ತರಬೇಕೋ ಎಂಬುದನ್ನು ತಾವು ಮೊದಲು ತೀರ್ಮಾನಿಸಿಕೊಳ್ಳುವುದು ಒಳ್ಳೆಯದು.

ಉತ್ತರ 2 (ಹಾಸನದ ಟ್ರ್ಯಾಕ್ಟರ್ ಮೆಕ್ಯಾನಿಕ್)

ಕೊಂಡಾಗ ಬಂದ ಅಂತರವನ್ನು ಮುಟ್ಟಬಾರದು ಎನ್ನುವ ಮಾತಿಗೆ ಆಧಾರವಿಲ್ಲ. ಬದಲಾಯಿಸಲಿ ಎಂದೇ ಕಂಪನಿಯವರು ಡಿಸ್ಕನ್ನೂ ರಿಮ್ಮನ್ನೂ ಬೇರೆ ಬೇರೆ ಮಾಡಿ ಬೋಲ್ಟು ಹಾಕಿ ಕೊಟ್ಟಿರುತ್ತಾರೆ.

ಹಿಂದಿನ ಗಾಲಿಯನ್ನು ಹತ್ತಿರದಿಂದ ನೋಡಿದರೆ ರಿಮ್ಮಿನ ಒಳಸುತ್ತಿನಲ್ಲಿ ಬೆಸುಗೆ ಹಾಕಿದ ಕಿವಿಗಳು ಕಾಣುತ್ತವೆ. ಅವು ಸಾಮಾನ್ಯವಾಗಿ ರಿಮ್ಮಿನ ನಡುಮಧ್ಯದಲ್ಲಿರದೆ ಒಂದು ಪಕ್ಕಕ್ಕೆ ಸರಿದಿರುತ್ತವೆ. ನಡುವಿನ ಡಿಸ್ಕು ಚಪ್ಪಟೆಯಾಗಿರದೆ ಒಂದು ಕಡೆಗೆ ತಗ್ಗಿರುತ್ತದೆ. ಡಿಸ್ಕನ್ನು ಕಿವಿಯ ಒಳಗಡೆಗೆ ಅಥವಾ ಹೊರಗಡೆಗೆ ಕಟ್ಟುವುದು, ಡಿಸ್ಕಿನ ತಗ್ಗನ್ನು ಒಳಮುಖ ಅಥವಾ ಹೊರಮುಖ ಮಾಡುವುದು, ರಿಮ್ಮನ್ನೇ ಮಗುಚುವುದು ಎಂಬ ಮೂರು ಬದಲಾವಣೆಗಳನ್ನು ಬೇರೆ ಬೇರೆಯಾಗಿ ಸೇರಿಸಿದಾಗ ಎಂಟು ಅಂತರಗಳು ಸಿಗುತ್ತವೆ. ಹಳೆಯ ವಿನ್ಯಾಸದ ಹಲವು ಟ್ರ್ಯಾಕ್ಟರುಗಳಲ್ಲಿ ಇವು 48 ಇಂಚಿನಿಂದ 76 ಇಂಚಿನವರೆಗೆ ನಾಲ್ಕು ನಾಲ್ಕು ಇಂಚಿನ ಹಂತಗಳಲ್ಲಿರುತ್ತವೆ. ನಿಮ್ಮ ಟ್ರ್ಯಾಕ್ಟರಿನಲ್ಲಿ ಯಾವ ಯಾವ ಹಂತಗಳಿವೆ, ಯಾವುದಕ್ಕೆ ಡಿಸ್ಕು ಹೇಗಿರಬೇಕು ಎಂಬ ಚಿತ್ರ ಕೈಪಿಡಿಯಲ್ಲಿರುತ್ತದೆ. ಕೈಪಿಡಿ ಕಳೆದುಹೋಗಿದ್ದರೆ, ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರ ಸರ್ಕಾರದ ಕೃಷಿ ಯಂತ್ರ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯ ವರದಿಯಲ್ಲಿ ಆಯಾ ಮಾದರಿಯ ಗಾಲಿಗಳ ಅಂತರವನ್ನು ಕೊಟ್ಟಿರುತ್ತಾರೆ.

ಕೆಲಸ ಮಾಡುವಾಗ ಟ್ರ್ಯಾಕ್ಟರು ಸಿಮೆಂಟು ಹಾಕಿದ ಅಥವಾ ಗಟ್ಟಿಯಾದ ಸಮನೆಲದ ಮೇಲಿರಬೇಕು. ಯಂತ್ರ ಕಳಚಿರಬೇಕು, ಮುಂದಿನ ಗಾಲಿಗಳಿಗೆ ಹಿಂದೆ ಮುಂದೆ ಮರದ ತುಂಡು ಕೊಟ್ಟಿರಬೇಕು. ನಟ್ಟುಗಳನ್ನು ಗಾಲಿ ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಿಕೊಂಡು, ಆಮೇಲೆ ಆಕ್ಸಲ್ ಹೌಸಿಂಗ್ ಕೆಳಗೆ ಜಾಕಿ ಕೊಟ್ಟು ಎತ್ತಿ, ಕೂಡಲೇ ಸ್ಟ್ಯಾಂಡನ್ನೋ ದಪ್ಪ ಮರದ ದಿಮ್ಮಿಯನ್ನೋ ಕೊಡಬೇಕು. ಬರೀ ಜಾಕಿಯ ಮೇಲೆ ನಿಂತಿರುವ ಟ್ರ್ಯಾಕ್ಟರಿನ ಗಾಲಿ ಬಿಚ್ಚಬೇಡಿ. ಒಂದು ಸಲಕ್ಕೆ ಒಂದೇ ಕಡೆ ಎತ್ತಿ. ಟೈರಿಗೆ ನೀರು ತುಂಬಿಸಿದ್ದರೆ ಮೊದಲು ಅದನ್ನು ಇಳಿಸಿ, ಹೊರಗೆ ಕಟ್ಟಿದ ಕಬ್ಬಿಣದ ತೂಕಗಳಿದ್ದರೆ ಅವನ್ನೂ ಬಿಚ್ಚಿ. ನೀರು ತುಂಬಿದ ಗಾಲಿ ಜಾರಿ ವಾಲಿದರೆ ಇಬ್ಬರು ಸೇರಿದರೂ ಹಿಡಿದು ನಿಲ್ಲಿಸಲಾಗುವುದಿಲ್ಲ.

ನಮ್ಮಲ್ಲಿಗೆ ಬರುವ ಟ್ರ್ಯಾಕ್ಟರುಗಳಲ್ಲಿ ನಾನು ಹೆಚ್ಚಾಗಿ ಕಾಣುವ ತಪ್ಪೆಂದರೆ ಟೈರಿನ ಗುಬುಟು, ಅಂದರೆ ಮಣ್ಣು ಹಿಡಿಯುವ ಉಬ್ಬುಪಟ್ಟಿಗಳು, ತಿರುವುಮುರುವಾಗಿರುವುದು. ಗಾಲಿಯನ್ನು ಇಡಿಯಾಗಿ ಮಗುಚಿ ಅದೇ ಕಡೆಗೆ ಕಟ್ಟಿದರೆ ಗುಬುಟುಗಳ ದಿಕ್ಕು ಹಿಂದುಮುಂದಾಗುತ್ತದೆ, ಉಳುವಾಗ ಟೈರು ಜಾರುತ್ತದೆ. ಇಡೀ ಗಾಲಿಯನ್ನು ಮಗುಚಬೇಕಾಗಿ ಬಂದರೆ ಎಡಗಡೆಯದನ್ನು ಬಲಕ್ಕೂ ಬಲಗಡೆಯದನ್ನು ಎಡಕ್ಕೂ ಹಾಕಬೇಕು. ಕಟ್ಟಿದ ಮೇಲೆ ಟ್ರ್ಯಾಕ್ಟರಿನ ಹಿಂದೆ ನಿಂತು ನೋಡಿ: ಗುಬುಟುಗಳು ಕೂಡುವ ತುದಿ ಮೇಲಕ್ಕೆ ಮುಖ ಮಾಡಿದ್ದರೆ ದಿಕ್ಕು ಸರಿಯಾಗಿದೆ.

ಡಿಸ್ಕೂ ಕಿವಿಯೂ ಕೂಡುವ ಜಾಗದಲ್ಲಿನ ತುಕ್ಕು, ಒಣಗಿದ ಕೆಸರು, ಸಿಪ್ಪೆ ಎದ್ದ ಬಣ್ಣ ಇವನ್ನೆಲ್ಲ ತಂತಿ ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ. ಅಲ್ಲಿ ಗ್ರೀಸು ಬಳಿಯಬೇಡಿ. ನಟ್ಟುಗಳನ್ನು ಒಂದು ಕಡೆಯಿಂದ ಸಾಲಾಗಿ ಬಿಗಿಯದೆ ಎದುರುಬದುರಾಗಿ ಬಿಗಿಯಿರಿ. ಕೈಪಿಡಿಯಲ್ಲಿ ಹೇಳಿದಷ್ಟು ಬಿಗಿ ಬರಲು ಟಾರ್ಕ್ ರೆಂಚ್ ಬೇಕು. ರಾಡಿನ ಮೇಲೆ ಹತ್ತಿ ನಿಂತು ಬಿಗಿಯುವುದರಿಂದ ಬೋಲ್ಟು ಎಳೆದುಹೋಗುತ್ತದೆ. ಮೊದಲ ಒಂದು ಗಂಟೆ ಕೆಲಸವಾದ ಮೇಲೆ ಮತ್ತೊಮ್ಮೆ, ಸಂಜೆಗೆ ಇನ್ನೊಮ್ಮೆ ಬಿಗಿ ನೋಡಲೇಬೇಕು. ಸಡಿಲ ಬಿಟ್ಟ ಡಿಸ್ಕಿನ ತೂತು ನಾಲ್ಕೇ ದಿನದಲ್ಲಿ ಮೊಟ್ಟೆಯಾಕಾರಕ್ಕೆ ಸವೆದುಬಿಡುತ್ತದೆ, ಆಮೇಲೆ ಎಷ್ಟು ಬಿಗಿದರೂ ನಿಲ್ಲುವುದಿಲ್ಲ.

ಕಡೆಯದಾಗಿ, ಎಲ್ಲ ಹಂತಗಳೂ ಎಲ್ಲ ಟೈರಿಗೂ ಹೊಂದುವುದಿಲ್ಲ. ತೀರಾ ಕಿರಿದು ಮಾಡಿದಾಗ ಟೈರು ಮಡ್‌ಗಾರ್ಡಿಗೋ ಯಂತ್ರ ಕಟ್ಟುವ ಕೆಳತೋಳುಗಳ (ಲೋವರ್ ಲಿಂಕ್) ಚೈನಿಗೋ ತಾಗಬಹುದು. ಯಂತ್ರವನ್ನು ಕಟ್ಟಿ ಹೈಡ್ರಾಲಿಕ್ಕಿನಲ್ಲಿ ಪೂರ್ತಿ ಎತ್ತಿ, ಎಂಜಿನ್ ಆರಿಸಿ, ನಡುವೆ ಅಂಗೈ ಅಗಲದ ಜಾಗವಾದರೂ ಇದೆಯೇ ಎಂದು ಎರಡೂ ಕಡೆ ನೋಡಿಕೊಳ್ಳಿ. ಎತ್ತಿದ ಯಂತ್ರದ ಕೆಳಗೆ ಮಾತ್ರ ತಲೆ ಹಾಕಬೇಡಿ.

ಉತ್ತರ 3 (ಬೇಲೂರು ಕಡೆಯ ಆಲೂಗಡ್ಡೆ ಬೆಳೆಗಾರ)

ಕಡೂರಿನವರ ಲೆಕ್ಕವನ್ನು ನಾನು ಒಪ್ಪುತ್ತೇನೆ. ಆ ಲೆಕ್ಕದ ಪ್ರಕಾರವೇ ನೋಡಿದರೆ ನಿಮ್ಮ ಗಾಲಿಗಳನ್ನು ಬಿಚ್ಚುವ ಅಗತ್ಯವೇ ಇಲ್ಲವೆಂದು ನನಗನಿಸುತ್ತದೆ.

ಎಲ್ಲ ಸಾಲುಗಳೂ ಸಮನಾದ ಅಂತರದಲ್ಲಿರಬೇಕೆಂದು ಆಲೂಗಡ್ಡೆ ಕೇಳುವುದಿಲ್ಲ. ಒಂದು ಗಿಡಕ್ಕೆ ಸಿಗುವ ಜಾಗ ಸರಿಯಾಗಿದ್ದು, ಗಡ್ಡೆಯ ಮೇಲೆ ಸಾಕಷ್ಟು ಮಣ್ಣು ಇದ್ದರೆ ಸಾಕು. ಯಂತ್ರದ ಎರಡು ಸಾಲುಗಳ ನಡುವಿನ 60 ಸೆಂ.ಮೀ. ಹಾಗೆಯೇ ಇರಲಿ. ಮುಂದಿನ ಸುತ್ತಿಗೆ ಬಂದಾಗ ಹಿಂದಿನ ಸುತ್ತಿನ ಗಾಲಿಯ ಗುರುತಿನಲ್ಲೇ ಈ ಸುತ್ತಿನ ಒಳಬದಿಯ ಗಾಲಿ ಓಡಲಿ. ಆಗ ಒಂದು ಸುತ್ತಿಗೂ ಮುಂದಿನ ಸುತ್ತಿಗೂ ನಡುವಣ ದೂರ ತಾನಾಗಿಯೇ 142 ಸೆಂ.ಮೀ. ಆಗುತ್ತದೆ. ಅದರಲ್ಲಿ 60 ಸೆಂ.ಮೀ. ಜೋಡಿ ಸಾಲಿನ ನಡುವಿಗೆ ಹೋದರೆ ಉಳಿದ 82 ಸೆಂ.ಮೀ. ಗಾಲಿಯ ದಾರಿಗೆ ಸಿಗುತ್ತದೆ. ಟೈರಿನ 34.5 ಕಳೆದರೆ ಎರಡು ಪಕ್ಕಕ್ಕೂ 23.75 ಸೆಂ.ಮೀ. ಉಳಿಯಿತು. ಕಡೂರಿನವರು ಹೇಳಿದ ಒಂದು ಗೇಣು ಅಂದರೆ ಇದೇ ತಾನೇ?

ಹೀಗೆ ಮಾಡಿದಾಗ ಸಾಲಿನ ಸರಾಸರಿ ಅಂತರ 60ರಿಂದ 71ಕ್ಕೆ ಏರುವುದರಿಂದ, ಒಂದು ಎಕರೆಯಲ್ಲಿ ಸಾಲುಗಳ ಒಟ್ಟು ಉದ್ದ ಸುಮಾರು 6,740 ಮೀಟರಿನಿಂದ 5,700 ಮೀಟರಿಗೆ ಇಳಿಯುತ್ತದೆ. ಇದನ್ನು ಗಮನಿಸದೆ ಗಡ್ಡೆಯನ್ನು 20 ಸೆಂ.ಮೀ.ಗೇ ಬಿಟ್ಟರೆ ಎಕರೆಗೆ ಐದು ಸಾವಿರದಷ್ಟು ಗಿಡ ಕಡಿಮೆಯಾಗುತ್ತದೆ. 60×20ರ ಲೆಕ್ಕದಲ್ಲಿ ಗಿಡವೊಂದಕ್ಕೆ 1,200 ಚದರ ಸೆಂ.ಮೀ. ಜಾಗ, ಸರಾಸರಿ 71 ಆದಾಗ ಗಡ್ಡೆಯಿಂದ ಗಡ್ಡೆಗೆ 17 ಸೆಂ.ಮೀ. ಇಟ್ಟರೆ ಅಷ್ಟೇ ಜಾಗ, ಎಕರೆಗೆ ಅಷ್ಟೇ ಬಿತ್ತನೆ ಗಡ್ಡೆ. ನಿಮ್ಮ ಯಂತ್ರದಲ್ಲಿ ಚೈನಿನ ಹಲ್ಲುಚಕ್ರ ಬದಲಾಯಿಸಿ ಈ ಅಂತರವನ್ನು ಹೊಂದಿಸುವ ವ್ಯವಸ್ಥೆ ಇರಬೇಕು. ಸರಿಯಾಗಿ 17 ಸಿಗದಿದ್ದರೆ ಹತ್ತಿರದ ಸಂಖ್ಯೆ ಸಾಕು.

ಮಣ್ಣು ಏರಿಸುವ ರಿಡ್ಜರಿನ ಮೂರು ಗುಳಗಳನ್ನು ಮಾತ್ರ ಹೊಸದಾಗಿ ಹೊಂದಿಸಬೇಕು. ಒಂದು ನಟ್ಟನಡುವೆ, ಉಳಿದೆರಡು ಅದರಿಂದ 71 ಸೆಂ.ಮೀ. ದೂರದಲ್ಲಿ, ಅಂದರೆ ಗಾಲಿಗಳ ನೇರ ಹಿಂದೆ. ಹೊರಗಿನ ಎರಡು ಗುಳಗಳ ರೆಕ್ಕೆಯನ್ನು ಸ್ವಲ್ಪ ಹೆಚ್ಚು ಬಿಚ್ಚಿಡಿ, ಏಕೆಂದರೆ ಅವು ಮಣ್ಣನ್ನು ಇನ್ನಷ್ಟು ದೂರಕ್ಕೆ ತಳ್ಳಬೇಕು. ಟೈರು ತುಳಿದು ಗಟ್ಟಿಯಾದ ದಾರಿಯನ್ನು ಅವೇ ಸಡಿಲಿಸುತ್ತಾ ಬರುವುದರಿಂದ ಅದಕ್ಕೆ ಬೇರೆ ಕೆಲಸ ಬೇಕಾಗುವುದಿಲ್ಲ. ನಾಟಿಯಾದ ಮೂವತ್ತು ದಿನದ ಸುಮಾರಿಗೆ, ಗಿಡಗಳು ಸಾಲಿನ ನಡುವೆ ಕೂಡಿಕೊಳ್ಳುವುದಕ್ಕೆ ಮೊದಲೇ ಮಣ್ಣು ಏರಿಸಿ ಮುಗಿಸಿ.

ನಮ್ಮ ಕಡೆ ಇದರ ದೊಡ್ಡ ಲಾಭ ಇರುವುದು ಔಷಧಿ ಸಿಂಪಡಣೆಯಲ್ಲಿ. ಆಷಾಢದ ಸೋನೆ ಹಿಡಿದು ಅಂಗಮಾರಿ ಕಾಣಿಸಿಕೊಂಡರೆ ತಡಮಾಡದೆ ಮತ್ತೆ ಮತ್ತೆ ಹೊಲಕ್ಕೆ ಇಳಿಯಬೇಕಾಗುತ್ತದೆ. ಆಗ ಗಾಲಿಗೆಂದು ಬಿಟ್ಟ ದಾರಿ ಇರುವ ಹೊಲದಲ್ಲಿ ಟ್ರ್ಯಾಕ್ಟರಿನ ಸಿಂಪಡಣಾ ಯಂತ್ರವನ್ನು ಗಿಡ ತುಳಿಯದೆ ಓಡಿಸಬಹುದು. 60ರ ಸಮಸಾಲಿನಲ್ಲಿ ಬೆನ್ನಿಗೆ ಪಂಪು ಕಟ್ಟಿಕೊಂಡು ಕೆಸರಿನಲ್ಲಿ ನಡೆಯುವುದೇ ಗತಿ.

ಉತ್ತರ 4 (ಕಡೂರಿನ ಜೋಳದ ಬೆಳೆಗಾರ)

ಬೇಲೂರಿನವರ ಸಲಹೆ ನನ್ನದಕ್ಕಿಂತ ಚೆನ್ನಾಗಿದೆ. ಆಲೂಗಡ್ಡೆಗೆ ಅದನ್ನೇ ಅನುಸರಿಸಿ.

ಜೋಳದ ಮಾತು ಬೇರೆ. ಎರಡು ಸಾಲಿನ ಯಂತ್ರವಾದರೆ ಅದೇ 142ರ ಕ್ರಮದಲ್ಲಿ, 60×30ರ ಬದಲು ಸಾಲಿನೊಳಗೆ 25 ಸೆಂ.ಮೀ.ಗೊಂದು ಬೀಜ ಬೀಳುವಂತೆ ಮಾಡಿಕೊಂಡರೆ ಗಿಡಗಳ ಸಂಖ್ಯೆ ಕಡಿಮೆಯಾಗುವುದಿಲ್ಲ. ಬಾಡಿಗೆಗೆ ಸಿಗುವ ನಾಲ್ಕು ಸಾಲಿನ ಯಂತ್ರವಾದರೆ ಮಾತ್ರ ತೊಂದರೆ. ಅದನ್ನು 60ಕ್ಕೆ ಹೊಂದಿಸಿದಾಗ ಅದರ ಹೊರಸಾಲುಗಳು ನಡುಗೆರೆಯಿಂದ 90 ಸೆಂ.ಮೀ.ನಲ್ಲಿ ಬರುತ್ತವೆ, ನಿಮ್ಮ ಟೈರಿನ ಅಂಚು 88ರಲ್ಲಿದೆ. ಯಂತ್ರ ಟೈರಿನ ಹಿಂದೆ ಬರುವುದರಿಂದ ಬೀಜ ತುಳಿದುಹೋಗದು, ಆದರೆ ತುಳಿದ ಮಣ್ಣಿನ ಅಂಚಿನಲ್ಲೇ ಬೀಜ ಬೀಳುತ್ತದೆ. ನಾಲ್ಕು ಸಾಲಿನಲ್ಲಿ ಎರಡು ಸಾಲಿನ ಮೊಳಕೆ ಹಿಂದೆ ಬಿದ್ದ ಹೊಲಗಳನ್ನು ನಮ್ಮ ಕಡೆ ಪ್ರತಿ ವರ್ಷ ನೋಡುತ್ತೇವೆ, ಬೀಜದ ಕಂಪನಿಯನ್ನು ಬೈಯುವವರೂ ಇದ್ದಾರೆ. ಅದಕ್ಕೆ ಪರಿಹಾರ ಗಾಲಿಗಳನ್ನು ಒಂದು ಹಂತ ಅಗಲಿಸಿ 152ಕ್ಕೆ ತಂದು, ಯಂತ್ರವನ್ನು 75 ಸೆಂ.ಮೀ.ಗೆ ಹೊಂದಿಸಿ, ಬೀಜವನ್ನು 24 ಸೆಂ.ಮೀ.ಗೆ ಬಿಡುವುದು. ಆಗ ಸಾಲುಗಳು 37.5ರಲ್ಲೂ 112.5ರಲ್ಲೂ ಇದ್ದು, ಗಾಲಿ 76ರಲ್ಲಿ, ಅಂದರೆ ಹೆಚ್ಚುಕಡಿಮೆ ನಡುಮಧ್ಯದಲ್ಲಿ ಓಡುತ್ತದೆ. ಎರಡೇ ಎಕರೆ ಜೋಳಕ್ಕಾಗಿ ಗಾಲಿ ಬಿಚ್ಚುವುದು ತಮಗೆ ಗಿಟ್ಟುತ್ತದೆಯೇ ಎಂಬುದನ್ನು ತಾವೇ ಯೋಚಿಸಬೇಕು. ನಾನಾಗಿದ್ದರೆ ಎರಡು ಸಾಲಿನ ಯಂತ್ರದಲ್ಲೇ ಮುಗಿಸುತ್ತೇನೆ.

ರಾಗಿ ಹಾಕುವುದಾದರೆ ಈ ಯಾವ ಲೆಕ್ಕವೂ ಬೇಡ.

ಉತ್ತರ 5 (ಚಿಕ್ಕಮಗಳೂರು ತಾಲ್ಲೂಕಿನ ಶುಂಠಿ ಮತ್ತು ಆಲೂಗಡ್ಡೆ ಬೆಳೆಗಾರ)

ಇಳಿಜಾರಿನ ಬಗ್ಗೆ ಯಾರೂ ಮಾತಾಡಿಲ್ಲ. ನಮ್ಮದು ಗುಡ್ಡದ ಬುಡದ ಜಮೀನಾದ್ದರಿಂದ ಹೇಳುತ್ತಿದ್ದೇನೆ.

ಟ್ರ್ಯಾಕ್ಟರು ಪಕ್ಕಕ್ಕೆ ಮಗುಚದೆ ನಿಲ್ಲುವುದು ಗಾಲಿಗಳು ಎಷ್ಟು ಅಗಲವಾಗಿ ನಿಂತಿವೆ, ಅದರ ಭಾರ ಎಷ್ಟು ಎತ್ತರದಲ್ಲಿದೆ ಎಂಬ ಎರಡರ ಮೇಲೆ. 142ರಿಂದ 122ಕ್ಕೆ ಇಳಿಸಿದರೆ ಎತ್ತರ ಅಷ್ಟೇ ಇರುತ್ತದೆ, ನಿಲುವಿನ ಅಗಲ ಏಳರಲ್ಲಿ ಒಂದು ಪಾಲು ಹೋಗುತ್ತದೆ. ಸಮತಟ್ಟಾದ ಹೊಲದಲ್ಲಿ ಇದು ಗೊತ್ತಾಗುವುದಿಲ್ಲ. ಅಡ್ಡ ಇಳಿಜಾರಿನಲ್ಲಿ ಗಡ್ಡೆ ತುಂಬಿದ ಬಿತ್ತನೆ ಯಂತ್ರವನ್ನು ಎತ್ತಿಕೊಂಡು ತಿರುಗಿಸುವಾಗ, ಮೇಲ್ಬದಿಯ ಗಾಲಿ ಒಂದು ಬದುವನ್ನೋ ಕಲ್ಲನ್ನೋ ಹತ್ತಿತೆಂದರೆ ಗೊತ್ತಾಗುತ್ತದೆ. ಟ್ರೈಲರ್ ಎಳೆದುಕೊಂಡು ರಸ್ತೆಯ ತಿರುವಿನಲ್ಲಿ ಹೋಗುವಾಗಲೂ ಹಾಗೆಯೇ. ಆದ್ದರಿಂದ ನಿಮ್ಮ ಹೊಲದ ಮಟ್ಟಿಗೆ ಕಿರಿದು ಮಾಡುವ ಆಲೋಚನೆಯನ್ನು ಬಿಡಿ ಎಂದೇ ನಾನು ಹೇಳುತ್ತೇನೆ. ಹೊಲದಲ್ಲಿ ತಿರುಗಿಸಲು ಬ್ರೇಕ್ ಪೆಡಲುಗಳನ್ನು ಬೇರೆ ಮಾಡಿಕೊಂಡಿದ್ದರೆ ರಸ್ತೆಗೆ ಹತ್ತುವ ಮೊದಲು ಎರಡನ್ನೂ ಸೇರಿಸಿ ಲಾಕು ಹಾಕುವುದನ್ನು ಮರೆಯಬೇಡಿ.

ಜೋಡಿ ಸಾಲಿನ ಕ್ರಮಕ್ಕೂ ನನ್ನದೊಂದು ಆಕ್ಷೇಪಣೆ ಇದೆ. ಪ್ರತಿ ಸುತ್ತಿನ ನಡುವೆಯೂ ಒಂದೇ ದಾರಿಯನ್ನು ಟೈರು ಎರಡೆರಡು ಸಲ ತುಳಿಯುತ್ತದೆ. ಸಿಂಪಡಣೆ ಸೇರಿದರೆ ಇನ್ನೂ ಹೆಚ್ಚು. ಸಾಲುಗಳನ್ನು ಇಳಿಜಾರಿನ ಉದ್ದಕ್ಕೆ ಬಿಟ್ಟರೆ ಜೂನ್, ಜುಲೈ ಮಳೆಯಲ್ಲಿ ಆ ದಾರಿಗಳೆಲ್ಲ ಕಾಲುವೆಗಳಾಗಿ ಮಣ್ಣು ಕೊಚ್ಚಿಹೋಗುತ್ತದೆ. ಪೂರ್ತಿ ಅಡ್ಡಕ್ಕೆ ಬಿಟ್ಟು ತುದಿಗಳನ್ನು ಮುಚ್ಚಿದರೆ ಗಟ್ಟಿನೆಲದ ಮೇಲೆ ನೀರು ನಿಂತು ಪಕ್ಕದ ದಿಂಡಿನ ಗಡ್ಡೆ ಕೊಳೆಯುತ್ತದೆ. ಸಾಲುಗಳು ಇಳಿಜಾರಿಗೆ ಅಡ್ಡವಾಗಿಯೇ ಇರಲಿ, ಆದರೆ ಒಂದು ತುದಿಯ ಕಡೆಗೆ ಅತಿ ಸಣ್ಣ ವಾಟ ಇದ್ದು, ಆ ತುದಿಯಲ್ಲಿ ನೀರು ಹೊರಗೆ ಹೋಗಲು ಒಂದು ಹುಲ್ಲು ಬೆಳೆದ ಬಸಿಗಾಲುವೆ ಇರಲಿ. ನಾಟಿ ಮಾಡುವ ದಿನವೇ ಯಂತ್ರದ ಹಿಂದೆ ಗಾಲಿಯ ದಾರಿಯನ್ನು ಕೆದಕುವ ಎರಡು ಕಲ್ಟಿವೇಟರ್ ಗುಳ ಕಟ್ಟಿಕೊಂಡರೆ ಮಣ್ಣು ಏರಿಸುವವರೆಗೆ ಕಾಯಬೇಕಾಗಿಲ್ಲ.

ಅಡ್ಡ ಇಳಿಜಾರಿನಲ್ಲಿ ಯಂತ್ರ ಕೆಳಕ್ಕೆ ಜಾರುತ್ತದೆ ಎಂಬುದೂ ನೆನಪಿರಲಿ. ಲೋವರ್ ಲಿಂಕು ಪಕ್ಕಕ್ಕೆ ಆಡದಂತೆ ತಡೆಯುವ ಸ್ಟೆಬಿಲೈಸರನ್ನು ಎರಡೂ ಕಡೆ ಸಮನಾಗಿ ಬಿಗಿದಿಡದಿದ್ದರೆ ಟ್ರ್ಯಾಕ್ಟರು ಗುರುತಿನಲ್ಲೇ ಓಡಿದರೂ ಸಾಲು ಅಷ್ಟು ದೂರ ಕೆಳಗೆ ಬೀಳುತ್ತದೆ. ಜಾರುವ ಅಳತೆ ಸುತ್ತಿನಿಂದ ಸುತ್ತಿಗೆ ಬದಲಾದರೆ 82ರ ದಾರಿ ಒಂದು ಕಡೆ 75, ಇನ್ನೊಂದು ಕಡೆ 89 ಆಗುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಗಾಲಿಗಳನ್ನು 142ರಲ್ಲೇ ಬಿಟ್ಟು ಜೋಡಿ ಸಾಲು ಮಾಡುವುದೆಂದು ನಮ್ಮ ಮನೆಯಲ್ಲಿ ತೀರ್ಮಾನಿಸಿದ್ದೇವೆ. ಗಡ್ಡೆ ತುಂಬದೆ ಖಾಲಿ ಯಂತ್ರವನ್ನು ಹೊಲದ ಮೇಲ್ಭಾಗದಲ್ಲಿ ನಾಲ್ಕು ಸುತ್ತು ಓಡಿಸಿ ನೋಡಿದೆವು. ದಿಂಡುಗಳು ಕುಸಿಯಲಿಲ್ಲ. ಅಳೆದಾಗ ಗಾಲಿಯ ದಾರಿ ಮೇಲ್ಬದಿಯಲ್ಲಿ 78, ಕೆಳಬದಿಯಲ್ಲಿ 86 ಬಂತು. ಸ್ಟೆಬಿಲೈಸರ್ ಬಿಗಿದ ಮೇಲೆ 81, 83ಕ್ಕೆ ಬಂದಿದೆ.

ಎರಡು ಸಂದೇಹಗಳು ಉಳಿದಿವೆ. ಮುಂದಿನ ಗಾಲಿಗಳ ಅಂತರ ನಮ್ಮಲ್ಲಿ 127 ಸೆಂ.ಮೀ. ಇದೆ, ಅದನ್ನೂ 142ಕ್ಕೆ ತರಬೇಕೇ? ಹೊಲದ ಎರಡು ತುದಿಗಳಲ್ಲಿ ತಿರುಗಿಸಲು ಬಿಡುವ ಜಾಗಕ್ಕೆ ಯಾವಾಗ ನಾಟಿ ಮಾಡಬೇಕು?

ಉತ್ತರ 6 (ಹಾಸನದ ಟ್ರ್ಯಾಕ್ಟರ್ ಮೆಕ್ಯಾನಿಕ್)

ಮುಂದಿನ ಟೈರು 6.00-16 ಆಗಿದ್ದರೆ ಅದರ ಅಗಲ 15 ಸೆಂ.ಮೀ.ಗಿಂತ ಸ್ವಲ್ಪ ಹೆಚ್ಚು. ಅಂತರ 127 ಇದ್ದಾಗ ಅದು ನಡುಗೆರೆಯಿಂದ 56 ಮತ್ತು 71 ಸೆಂ.ಮೀ. ನಡುವೆ ಓಡುತ್ತದೆ; ಹಿಂದಿನ ಟೈರಿನ ದಾರಿ 54ರಿಂದ 88ರವರೆಗೆ ಇದೆ. ಒಳಗೇ ಅಡಗಿರುವುದರಿಂದ ಈಗ ಮುಟ್ಟಬೇಕಾಗಿಲ್ಲ. ಮುಂದೆ ಯಾವಾಗಲಾದರೂ ಬದಲಾಯಿಸಿದರೆ ಆಕ್ಸಲ್ಲಿನ ಎರಡೂ ಕಡೆಯ ತೋಳನ್ನು ಸಮನಾಗಿ ಎಳೆದು, ಟೈ ರಾಡುಗಳನ್ನೂ ಅಷ್ಟೇ ಉದ್ದ ಮಾಡಿ, ಟೋ-ಇನ್ ನೋಡಿಸಿ. ಗಾಲಿಯ ನಡುಭಾಗದ (ಹಬ್) ಎತ್ತರದಲ್ಲಿ ಅಳೆದರೆ ಮುಂದಿನ ಟೈರುಗಳ ನಡುವಿನ ದೂರ ಹಿಂಬದಿಗಿಂತ ಮುಂಬದಿಯಲ್ಲಿ ಕೆಲವೇ ಮಿ.ಮೀ. ಕಡಿಮೆ ಇರಬೇಕು, ಎಷ್ಟೆಂಬುದು ಕೈಪಿಡಿಯಲ್ಲಿದೆ. ಅದನ್ನು ನೋಡದೆ ಬಿಟ್ಟವರ ಮುಂದಿನ ಟೈರು ಒಂದೇ ಪಕ್ಕ ಸವೆದಿರುತ್ತದೆ.

ಉತ್ತರ 7 (ಬೇಲೂರು ಕಡೆಯ ಆಲೂಗಡ್ಡೆ ಬೆಳೆಗಾರ)

ತುದಿಗಳಲ್ಲಿ ಟ್ರ್ಯಾಕ್ಟರು, ಯಂತ್ರ ಎರಡೂ ಸೇರಿ ಒಂದೇ ಸಲಕ್ಕೆ ತಿರುಗುವಷ್ಟು ಜಾಗ ಬಿಡಿ. ಐದು ಜೋಡಿ, ಅಂದರೆ ಏಳು ಮೀಟರಿನ ಹತ್ತಿರ ಇಟ್ಟುಕೊಂಡರೆ ಲೆಕ್ಕ ಸರಿಹೋಗುತ್ತದೆ. ಅದಕ್ಕೆ ಎಲ್ಲಕ್ಕಿಂತ ಕೊನೆಗೆ, ಅಡ್ಡಸಾಲಿನಲ್ಲಿ ನಾಟಿ ಮಾಡಿ. ಮೊದಲೇ ನಾಟಿ ಮಾಡಿದರೆ ಪ್ರತಿ ಸುತ್ತಿಗೂ ಅದರ ಮೇಲೆಯೇ ತಿರುಗಬೇಕಾಗುತ್ತದೆ. ಆ ಜಾಗ ಅಷ್ಟು ಹೊತ್ತಿಗೆ ತುಳಿದು ಗಟ್ಟಿಯಾಗಿರುವುದರಿಂದ ಒಮ್ಮೆ ಕಲ್ಟಿವೇಟರ್ ಹೊಡೆದುಕೊಂಡೇ ಗಡ್ಡೆ ಹಾಕಬೇಕು. ಆದರೆ ನಿಮ್ಮ ಹೊಲದಲ್ಲಿ ಆ ಅಡ್ಡಸಾಲುಗಳು ಇಳಿಜಾರಿನ ಉದ್ದಕ್ಕೆ ಬರುತ್ತವಾದ್ದರಿಂದ, ಚಿಕ್ಕಮಗಳೂರಿನವರು ಹೇಳಿದ ಬಸಿಗಾಲುವೆ ಇರುವ ತುದಿಯಲ್ಲಿ ಗಡ್ಡೆ ಹಾಕುವ ಬದಲು ಮೇವಿನ ಹುಲ್ಲನ್ನೇ ಬಿಟ್ಟುಕೊಳ್ಳುವುದು ಲೇಸು.